ಸುದ್ದಿ ಹೇಳುವ ಪರೀಕ್ಷೆ

ಚಳಿ ಬಿಟ್ಟಿತ್ತು, ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮಧ್ಯಾಹ್ನ ಊಟ ಮುಗಿದು ಕಣ್ಣು ಎಳೆಯುವ ಹೊತ್ತು. ಆ ಹೊತ್ತಿನಲ್ಲಿ ಅಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮಾತು ತೆಗೆದ.

"ನೋಡು, ಎಲ್ಲಾ ನಿನ್ನ ಕೈಲಿದೆ. ಅವಳನ್ನ ಫೇಲ್ ಮಾಡಿಬಿಡು."

ತಂಗಿ ತಟ್ಟೆ ತೊಳೆಯುತ್ತಿದ್ದಳು. "ಯಾಕೆ?"

"ಯಾಕೆ ಅಂತೀಯಲ್ಲೇ! ಇರೋದೊಂದು ಕೂಸು. ಅದನ್ನ ಗುಂಡು ಹಾರೋ ಕಡೆ ಕಳಿಸಿ ನಾನಿಲ್ಲಿ ಊರವರ ಅಂಗಿಗೆ ಗುಂಡಿ ಹಾಕ್ತಾ ಕೂರಲಾ?"

ಅವನು ದರ್ಜಿ. ಹೆಂಡತಿ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಸೊಂಟಕ್ಕೇರಿಸಿಕೊಂಡು ತಂಗಿಯ ಮನೆಗೆ ಬಂದವನು, ಅಲ್ಲೇ ನಿಂತ. ತಂಗಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಪ್ರಾಯವನ್ನೆಲ್ಲ ಯುದ್ಧದಿಂದ ಓಡಿಬಂದವರ ಶಿಬಿರಗಳಲ್ಲಿ ಆರೈಕೆಯ ಕೆಲಸ ಮಾಡುತ್ತ ಸವೆಸಿ ಬಂದವಳು. ಈಗ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಮಕ್ಕಳಿಗೆ ಅದೇ ಕೆಲಸ ಕಲಿಸುತ್ತಿದ್ದಳು. ಮಕ್ಕಳು ಹಿಂದಿನಿಂದ ಅವಳನ್ನು ಕಲ್ಲುಸಕ್ಕರೆ ಅನ್ನುತ್ತಿದ್ದರು. ಸಕ್ಕರೆ ಯಾವತ್ತೋ ಕರಗಿಹೋಗಿದೆ, ಉಳಿದಿರುವುದು ಕಲ್ಲು ಮಾತ್ರ ಅಂತ ನಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರಾಗಲಿಲ್ಲ. ಶಿಬಿರದಿಂದ ಬಂದ ಮೇಲೆ ಅವಳಿಗೆ ಬೇಜಾರಾಗುವುದೇ ನಿಂತುಹೋಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಉಣ್ಣುತ್ತಿದ್ದಳು, ಮರೆತರೂ ಉಣ್ಣುತ್ತಿದ್ದಳು. ಅತ್ತಿಗೆ ಸತ್ತ ದಿನ ಮನೆ ತುಂಬ ಜನ ಅಳುತ್ತಿದ್ದಾಗ ಇವಳು ಹೋಗಿ ನೀರಿನ ಮೋಟಾರು ಹಾಕಿ ಬಂದಿದ್ದಳು. ಅಳು ಅನ್ನುವುದು ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳುತ್ತಿತ್ತು, ಅಷ್ಟೇ.

ಈಗ ಆ ಕೂಸೇ ಅವಳ ತರಗತಿಯಲ್ಲಿ ಓದಿ ಕೊನೆಯ ಪರೀಕ್ಷೆಗೆ ಬಂದಿತ್ತು. ಪಾಸಾದರೆ ಮುಂದಿನ ವಾರವೇ ಗಡಿಯಾಚೆಯ ಶಿಬಿರಕ್ಕೆ ಪ್ರಯಾಣ. ಪರೀಕ್ಷೆ ಅಂದರೆ ಬರೆಯುವುದಲ್ಲ, ಸಾವಿನ ಸುದ್ದಿ ಹೇಳುವುದು. ಎದುರಿಗೆ ಒಬ್ಬರು ಮಗನನ್ನು ಕಳೆದುಕೊಂಡ ಅಪ್ಪನಾಗಿ ಕೂರುತ್ತಾರೆ. ವಿದ್ಯಾರ್ಥಿ ಸುತ್ತಿ ಬಳಸದೆ ಸತ್ತ ಅನ್ನಬೇಕು. ಗೊತ್ತಿಲ್ಲದ ವಿಷಯಕ್ಕೆ ಮಾತು ಕೊಡಬಾರದು. ಹೇಳಿದ ಮೇಲೆ ತಾನು ಅಳದೆ ಸುಮ್ಮನೆ ಜೊತೆಗೆ ಕೂತಿರಬೇಕು. ಮೇಡಂ ಸಾಕು ಅನ್ನುವ ತನಕ ಏಳುವಂತಿಲ್ಲ.

ಪ್ರತಿ ವರ್ಷ ಅಪ್ಪನ ಪಾತ್ರಕ್ಕೆ ಬರುತ್ತಿದ್ದ ನಾಟಕದವನು ಈ ಸಲ ಕಾಲು ಉಳುಕಿಸಿಕೊಂಡು ಮಲಗಿದ್ದ.

"ನಾನು ಬರ್ತೀನಿ," ಅಂದ ಅಣ್ಣ. "ಅಪ್ಪನ ಪಾತ್ರಕ್ಕೆ ಅಪ್ಪನೇ ಬಂದರೆ ತಪ್ಪೇನು?"

ಅವನ ಹೊಟ್ಟೆಯೊಳಗೆ ಏನಿದೆಯೆಂದು ತಂಗಿಗೆ ತಿಳಿಯದ್ದಲ್ಲ. ಮಗಳ ಕಣ್ಣಲ್ಲಿ ನೀರು ಬರಿಸಿ ಕೆಡವುವ ಹುನ್ನಾರ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹುಡುಗಿ ತಾನಾಗಿ ಸೋತರೆ ತನ್ನ ಕೈಯಿಂದ ಏನೂ ಮಾಡಬೇಕಾಗಿಲ್ಲ ಅಂತ ಒಂದು ಯೋಚನೆ ಬಂದು ಹೋಯಿತು. "ಬಾ," ಅಂದಳು.

ಪರೀಕ್ಷೆಯ ಕೋಣೆಯಲ್ಲಿ ನೀಲಿ ಟಾರ್ಪಾಲಿನ್ ಇಳಿಬಿಟ್ಟು ಡೇರೆಯ ಹಾಗೆ ಮಾಡಿದ್ದರು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಜಗ್ಗು ನೀರು. ಮೂಲೆಯ ಸ್ಪೀಕರಿನಿಂದ ಜನರೇಟರಿನ ಗುಡುಗುಡು. ಉಳಿದ ಮಕ್ಕಳು ಬೆಂಚಿನ ಮೇಲೆ ಕೂತಿದ್ದರು. ದರ್ಜಿ ಕಂಬಳಿ ಹೊದ್ದು ಒಳಗೆ ಬಂದಾಗ ಯಾರೋ ಕಿಸಕ್ಕೆಂದರು. "ಮಾವನ ಮನೆಗೆ ಬಂದ ಅಳಿಯನ ಹಾಗಿದ್ದಾರೆ ನೋಡೋ," ಅಂತ ಪಿಸುಮಾತು.

ಹುಡುಗಿ ಬಂದು ಎದುರು ಕೂತಳು. ಅಪ್ಪನನ್ನು ನೋಡಿ ರೆಪ್ಪೆ ಒಮ್ಮೆ ಬಡಿಯಿತು. ಆಮೇಲೆ ಮುಖ ಒಗೆದು ಒಣಹಾಕಿದ ಬಟ್ಟೆಯ ಹಾಗಾಯಿತು.

"ಯಜಮಾನರೇ, ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ. ನಿಮ್ಮ ಮಗ ಇವತ್ತು ಬೆಳಿಗ್ಗೆ ಸತ್ತ."

ಅಣ್ಣ ಕಂಬಳಿ ಜಾರಿಸಿದ. ಮೊದಲು ಕಲಿತು ಬಂದಿದ್ದ ಅಳು ಅತ್ತ. ಅದು ಮುಗಿದ ಮೇಲೆ ದನಿ ಬೇರೆಯಾಯಿತು.

"ನನಗೆ ಒಬ್ಬಳು ಮಗಳೂ ಇದ್ದಾಳಮ್ಮ. ಅವಳೂ ಹೊರಟು ನಿಂತಿದ್ದಾಳೆ. ಅವಳಾದರೂ ವಾಪಸ್ ಬರ್ತಾಳಾ?"

ಪಾತ್ರದ ಅಪ್ಪನಿಗೆ ಮಗಳೇ ಇರಲಿಲ್ಲ. ಬೆಂಚಿನ ಮೇಲಿನ ನಗು ಅಲ್ಲೇ ಆರಿತು.

"ಅದು ನನಗೆ ಗೊತ್ತಿಲ್ಲ ಯಜಮಾನರೇ."

"ಬರ್ತಾಳೆ ಅಂತ ಒಂದು ಮಾತು ಹೇಳು. ಸುಳ್ಳಾದರೂ ಪರವಾಗಿಲ್ಲ ಕಣಮ್ಮ."

"ಗೊತ್ತಿಲ್ಲದ್ದನ್ನ ಹೇಳೋಕಾಗಲ್ಲ."

"ನಾನು ಕಣೇ! ಅಪ್ಪ ಕಣೇ ನಾನು!"

ಹುಡುಗಿ ಲೋಟಕ್ಕೆ ನೀರು ಬಗ್ಗಿಸಿ ಅವನ ಕಡೆ ಸರಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಸುಮ್ಮನೆ ಕೂತಳು. ಅಣ್ಣ ಈಗ ಅಳುತ್ತಿದ್ದುದು ಕಲಿತ ಅಳುವಲ್ಲ. ಸಾಕು ಅನ್ನಬೇಕಾದವಳು ಟಾರ್ಪಾಲಿನ್ನಿನ ಅಂಚಿನಲ್ಲಿ ಬಿಟ್ಟಿದ್ದ ಹೊಲಿಗೆಯನ್ನೇ ನೋಡುತ್ತಿದ್ದಳು. ಜನರೇಟರ್ ಗುಡುಗುಡು ಅನ್ನುತ್ತಲೇ ಇತ್ತು.

ಕೊನೆಗೆ ಹಿಂದಿನ ಬೆಂಚಿನವನೊಬ್ಬ, "ಮೇಡಂ, ಸಾಕಲ್ವಾ?" ಅಂದ.

"ಸಾಕು," ಅಂದಳು.

ಎಲ್ಲ ಹೋದ ಮೇಲೆ ಮೆಟ್ಟಿಲ ಬಳಿ ಹುಡುಗಿಯನ್ನು ನಿಲ್ಲಿಸಿಕೊಂಡಳು.

"ಅಪ್ಪ ಹಂಗೆ ಅಳೋವಾಗ ನಿನಗೇನನ್ನಿಸ್ತೇ?"

ಹುಡುಗಿ ಯೋಚಿಸಿದಳು. "ಏನೂ ಅನ್ನಿಸಲಿಲ್ಲ ಅತ್ತೆ. ಎಲ್ಲೋ ದೂರದಲ್ಲಿ ಯಾರೋ ಅಳ್ತಿದಾರೆ ಅನ್ನೋ ಹಂಗಿತ್ತು. ಹಂಗೇ ಇರಬೇಕಲ್ವಾ?"

ಹೋಗು ಅಂತ ಅತ್ತೆ ಕೈ ಮಾಡಿದಳು. ಇನ್ನೂ ಒಂದು ಶಿಬಿರದ ಬಾಗಿಲು ಕಾಣದ ಹುಡುಗಿ. ತಾನು ಹಾಗಾಗಲು ಎಷ್ಟು ಹೆಣ ನೋಡಬೇಕಾಯಿತು. ಇವಳು ಮನೆಯಲ್ಲೇ ಕಲಿತಿದ್ದಾಳೆ, ತಾನು ಬಡಿಸಿದ ಉಪ್ಪಿಲ್ಲದ ಅನ್ನ ಉಂಡುಕೊಂಡೇ. ಈ ಒಂದು ಮಾತಿಗೇ ಅವಳನ್ನು ಕೆಡವಬಹುದಿತ್ತು. ಆದರೆ ಇದನ್ನು ತಪ್ಪು ಅಂತ ಪರೀಕ್ಷೆಯ ನಿಯಮದಲ್ಲಿ ಎಲ್ಲೂ ಹೇಳಿಲ್ಲ. ತಪ್ಪು ಅನ್ನುವುದಾದರೆ ಮೊದಲು ಹೊರಗೆ ಹಾಕಬೇಕಾದದ್ದು ತನ್ನನ್ನೇ. ಎದೆಯೊಳಗೆ ಎಲ್ಲಾದರೂ ನೋಯುತ್ತದೇನೋ ಅಂತ ಕಾದಳು. ನೋಯಲಿಲ್ಲ.

ಸಂಜೆ ಅಣ್ಣ ಗೇಟಿನ ಹತ್ತಿರವೇ ನಿಂತಿದ್ದ. ಕಣ್ಣು ಇನ್ನೂ ಊದಿತ್ತು.

"ಏನು ಮಾಡಿದೆ?"

"ಪಾಸು."

"ಪಾಸಾ!"

"ತಪ್ಪು ಹುಡುಕಿದೆ ಅಣ್ಣ. ಸಿಗಲಿಲ್ಲ."

"ಹೆತ್ತ ಅಪ್ಪ ಎದುರಿಗೆ ಕೂತು ಬೊಬ್ಬೆ ಹೊಡೀತಿದ್ದರೆ ನೀರು ಬೇಕಾ ಅಂತ ಲೋಟ ತಳ್ಳಿದಳಲ್ಲೇ! ಅದು ತಪ್ಪಲ್ವಾ?"

"ಅದಕ್ಕೇ ಅಂಕ ಇರೋದು."

ಅಣ್ಣ ಅವಳ ಮುಖವನ್ನೇ ನೋಡಿದ. ಬೈಗುಳ ಬಾಯಿಗೆ ಬಂದು ಹಿಂದೆ ಹೋದ ಹಾಗಿತ್ತು. "ಹೆತ್ತವಳು ನನ್ನ ಹೆಂಡತಿ," ಅಂದ ಮೆಲ್ಲಗೆ. "ಕಲ್ಲಾಗಿ ಕಡೆದವಳು ನೀನು."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಲೆಗೆ ನೀರಿಟ್ಟಳು.

ಆಮೇಲಿನ ದಿನಗಳಲ್ಲಿ ಅಣ್ಣ ಮಗಳ ಜೊತೆ ಚೆನ್ನಾಗಿಯೇ ಮಾತಾಡಿದ. ಅವಳ ಜಾಕೆಟ್ಟಿಗೆ ಒಳಜೇಬು ಇಟ್ಟು ಹೊಲಿದುಕೊಟ್ಟ. ತಂಗಿಯ ಜೊತೆ ಮಾತ್ರ ಮಾತು ಬಿಟ್ಟ. ಉಪ್ಪು ಬೇಕಾದರೆ ಎದ್ದು ಹೋಗಿ ತಾನೇ ತಂದುಕೊಳ್ಳುತ್ತಿದ್ದ.

ಗುರುವಾರ ಬೆಳಿಗ್ಗೆ ಹುಡುಗಿ ಹೊರಟಳು. ವಾಪಸ್ ಬರ್ತೀಯಾ ಅಂತ ಅಪ್ಪ ಕೇಳಲಿಲ್ಲ, ಬರ್ತೀನಿ ಅಂತ ಅವಳೂ ಹೇಳಲಿಲ್ಲ. ಶುಕ್ರವಾರ ಅಣ್ಣ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಲ್ಲಿದ್ದ ತಮ್ಮನ ಮನೆಗೆ ಹೊರಟುಹೋದ.