ಬಿಳಿ ರಾಶಿಯ ಪಟ

ಸಮುದ್ರದ ವಿಷಯ ಬರೆಯಲು ಬಯಲುಸೀಮೆಯವರು ಕೈಹಾಕುವುದೇ ಸ್ವಲ್ಪ ಅತಿಯಾಯಿತು. ಅದರಲ್ಲೂ ಇದು ಇನ್ನೊಬ್ಬರ ಮನೆಯ ಮಾತು. ಬಾಯಿಂದ ಬಾಯಿಗೆ ಬರುವಾಗ ಏನು ಸೇರಿತೋ, ಏನು ಉದುರಿತೋ. ತಪ್ಪಿದ್ದರೆ ಓದುವವರು ಮನ್ನಿಸಬೇಕು. ಹೇಳದೆ ಬಿಡೋಣವೆಂದರೂ ಮನಸ್ಸು ಒಪ್ಪುತ್ತಿಲ್ಲ.

ಆದೋನಿಯ ಹತ್ತಿ ವ್ಯಾಪಾರಿ ಮನೆತನದ ಹಿರಿಯ ಮಗ ರೇವಣಸಿದ್ದಯ್ಯನಿಗೆ ತಕ್ಕಡಿಗಿಂತ ಕ್ಯಾಮೆರಾದ ಮೇಲೆ ಜೀವ. ಮಳೆಗಾಲ ಮುಗಿದೊಡನೆ ಡಬ್ಬಿಯಂಥ ಅದನ್ನು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಲು ಹೊರಡುತ್ತಿದ್ದ. ಹೊಸ ಹತ್ತಿ ಪೇಟೆಗೆ ಇಳಿಯುವ ಹೊತ್ತಿಗೆ ತಪ್ಪದೆ ಮನೆಗೆ ಬಂದು, ಪಟಗಳನ್ನೆಲ್ಲ ಹೆಂಡತಿ ಅಂಬಮ್ಮನ ಮಡಿಲಿಗೆ ಸುರಿಯುತ್ತಿದ್ದ. ಪಟದ ಹಿಂದೆ ಊರಿನ ಹೆಸರು ಬರೆಯುತ್ತಿರಲಿಲ್ಲ. ಅದು ಅವರಿಬ್ಬರ ಆಟ.

"ಇದು ಯಾವ ಸೀಮಿ? ಹೇಳು ನೋಡೋಣು."

"ಮಾಳಿಗಿ ಚಪ್ಪಟಿ ಐತಿ. ನಮ್ಮಂಗ ಮಳಿ ಕಾಣದ ಸೀಮಿ."

"ಇದು?"

"ಗ್ವಾಡಿಗೆ ಪಾಚಿ ಹಿಡಿದೈತಿ, ಸೂರು ಇಳಿಜಾರು. ಮಳಿ ಬಿಡದ ಊರು. ಹೆಂಗಸ್ರು ಕೊಡ ಸೊಂಟದ ಮ್ಯಾಲ ಇಟ್ಟಾರ, ತಲಿ ಮ್ಯಾಲಲ್ಲ. ನೀರು ಮನಿ ಹತ್ರಾನೇ ಐತಿ."

"ನನಗಿಂತ ಬರಾಬರ್ ನೋಡ್ತಿ. ಕ್ಯಾಮೆರಾ ನೀ ಹಿಡಿ, ಒಲಿ ನಾ ಹಚ್ತೀನಿ!"

ಅವನು ಇಲ್ಲದ ತಿಂಗಳುಗಳಲ್ಲಿ ಅಂಬಮ್ಮ ಆ ಪಟಗಳೊಳಗೇ ಓಡಾಡುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಯಾವುದೋ ನದಿಯ ಮೆಟ್ಟಿಲಿಳಿದು ಕಾಲು ತೊಳೆದು ಬರುತ್ತಿದ್ದಳು. ಸಂತೆಗೆ ಹೊರಟ ಗುರುತಿಲ್ಲದ ಹೆಂಗಸರ ಹಿಂದೆ ನಡೆದು, ರೊಟ್ಟಿ ಸೀದ ವಾಸನೆಗೆ ಮರಳಿ ಆದೋನಿಗೆ ಬರುತ್ತಿದ್ದಳು.

ಆಂಧ್ರ ರಾಜ್ಯವಾದ ಮರುವರ್ಷ ಹತ್ತಿ ಬಂತು, ರೇವಣಸಿದ್ದಯ್ಯ ಬರಲಿಲ್ಲ. ರೈಲಿನಲ್ಲಿ ಹೊರಟಿದ್ದ ಯಾರೋ ಸ್ಟೇಷನ್ನಿನ ಚಹಾದಂಗಡಿಯಲ್ಲಿ ಒಂದು ಪೊಟ್ಟಣ ಕೊಟ್ಟು, "ಅವರು ಇನ್ನೂ ಅಲ್ಲೇ ಇರ್ತಾರಂತ" ಎಂದಷ್ಟೇ ಹೇಳಿ ಅದೇ ಗಾಡಿಗೆ ಹತ್ತಿಹೋದರು. ಎಲ್ಲಿ ಎಂದು ಚಹಾದವನು ಕೇಳಿರಲಿಲ್ಲ. ಪೊಟ್ಟಣದಲ್ಲಿದ್ದುದು ಎರಡೇ ಪಟ.

ಒಂದರಲ್ಲಿ ಗುಂಡಗಿನ ಗುಡಿಸಲುಗಳು. ಸೂರು ನೆಲ ಮುಟ್ಟುವಷ್ಟು ಇಳಿದಿತ್ತು. ಇನ್ನೊಂದರಲ್ಲಿ ಕಪ್ಪು ನೆಲ, ಸಾಲುಸಾಲಾಗಿ ಬಿಳಿ ರಾಶಿಗಳು, ಬುಟ್ಟಿ ಹೊತ್ತ ಹೆಂಗಸರು. ಒಂದು ಕಡೆಗೇ ವಾಲಿದ ತಾಳೆಮರ, ಅದರಾಚೆ ಮಂಜಿನಂಥ ಬೆಳ್ಳನೆಯ ಗೆರೆ. ಕೆಳಗಿನ ಅಂಚಿನಲ್ಲಿ ಪಟ ತೆಗೆದವನ ನೆರಳು, ಉದ್ದಕ್ಕೆ ಮಲಗಿತ್ತು. ಅಂಬಮ್ಮ ಮೊದಲು ಬೆರಳಿಟ್ಟದ್ದು ಆ ನೆರಳಿನ ಮೇಲೆ.

"ಗಾಳಿ ಜೋರಿರೋ ಸೀಮಿ," ಎಂದಳು. "ಎರಿ ನೆಲ. ಹತ್ತಿ ರಾಶಿ ಹಾಕ್ಯಾರ."

ಮನೆಯವರೆಲ್ಲ ಹೌದೆಂದರು. ಕರಿ ನೆಲದ ಮೇಲೆ ಬಿಳಿ ರಾಶಿ ಕಂಡರೆ ಆದೋನಿಯವರಿಗೆ ಬೇರೇನು ಹೊಳೆದೀತು? ಮೈದುನ ಜಂಬಯ್ಯ ನಂದ್ಯಾಲ, ರಾಯಚೂರು, ಗುಂಟೂರು ಎಂದು ಹತ್ತಿಪೇಟೆಗಳನ್ನೆಲ್ಲ ಸುತ್ತಿ, ಬರಿಗೈಲಿ ಬಂದು ಕಟ್ಟೆಯ ಮೇಲೆ ಕುಸಿದು ಕೂತ.

"ಅತ್ತಿಗಿ, ಇನ್ನೊಂದ್ಸಲ ಹೋಗಂದ್ರ ಹೋಗ್ತೀನಿ. ಆದ್ರ ಊರು ಹೇಳು. ಬರಿ ಗಾಳಿ ಐತಿ ಅಂದ್ರ ಟಿಕೀಟು ಕೊಡಂಗಿಲ್ಲ."

ಅತ್ತೆ ಬಸಲಿಂಗಮ್ಮ ಒಳಗಿಂದಲೇ ಚುಚ್ಚಿದಳು: "ಕಾಗದದಾಗಿನ ಊರು ನಂಬಿ ಒಬ್ಬ ಮಗ ಹೋದ. ಇನ್ನೊಬ್ಬನ್ನೂ ಅಟ್ಟಬ್ಯಾಡ ತಾಯಿ."

ಅಂಬಮ್ಮನಿಗೆ ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತಾಯಿತು. ತಾನು ಸರಿಯಾಗಿ ಓದಿದ್ದರೆ ಗಂಡ ಈ ಹೊತ್ತಿಗೆ ಸಿಕ್ಕಿರುತ್ತಿದ್ದ. ಇನ್ನು ತಡವಾಗಿ ಅವನು ಅಲ್ಲಿಂದ ಎದ್ದು ಹೊರಟನೆಂದರೆ ಆ ಪಟವೂ ಏನೂ ಹೇಳಲಾರದು.

ಒಂದು ಸಂಜೆ ಅಂಗಳದಲ್ಲಿ ಅತ್ತೆಯ ತಲೆ ಬಾಚುತ್ತಿದ್ದಳು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ನಡೆಯುವ ದಿನಗಳಲ್ಲಿ ಆದೋನಿಯ ಗಾಳಿಯೇ ಹತ್ತಿ; ಕೂದಲಲ್ಲಿ, ಹುಬ್ಬಿನಲ್ಲಿ, ಸಾರಿನ ಬಟ್ಟಲಲ್ಲಿಯೂ ಅರಳೆಯ ಎಳೆ. ಹಣಿಗೆಯಿಂದ ಆ ಎಳೆಗಳನ್ನು ಬಿಡಿಸುತ್ತಿದ್ದವಳ ಕೈ ತಟ್ಟನೆ ನಿಂತಿತು.

ಪಟದ ಹೆಂಗಸರ ಕೂದಲು ಕಪ್ಪಗೇ ಇತ್ತಲ್ಲ?

ಓಡಿಹೋಗಿ ಪಟ ತಂದಳು. ಒಬ್ಬಳ ತಲೆಯಲ್ಲೂ ಒಂದು ಎಳೆ ಇಲ್ಲ. ಬುಟ್ಟಿ ಅರ್ಧವೇ ತುಂಬಿದೆ, ಆದರೂ ಮುಂದಿನವಳ ಕುತ್ತಿಗೆ ಭುಜದೊಳಗೆ ಹೂತಂತಿದೆ. ಅರ್ಧ ಬುಟ್ಟಿ ಹತ್ತಿಗೆ ಯಾರ ಕುತ್ತಿಗೆ ಹೂತುಹೋಗುತ್ತದೆ? ಅಡುಗೆಮನೆಯ ಗಡಿಗೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಪಟದ ಪಕ್ಕ ಮೆಲ್ಲಗೆ ಸುರಿದಳು. ಹತ್ತಿಯಂತೆ ಉಬ್ಬಲಿಲ್ಲ, ಪಟದಲ್ಲಿದ್ದಂತೆಯೇ ಚೂಪಾಗಿ ನಿಂತಿತು.

"ಅತ್ತಿ, ಇದು ಉಪ್ಪು! ನಾನು ತಪ್ಪು ಓದಿದ್ದೆ."

ಬಸಲಿಂಗಮ್ಮ ಬಿಚ್ಚಿದ ಕೂದಲಲ್ಲೇ ಬಗ್ಗಿ ನೋಡಿದಳು. ಒಂದು ಹರಳು ಬಾಯಿಗೆ ಹಾಕಿಕೊಂಡು ಚಪ್ಪರಿಸಿದಳು. ಆಮೇಲೆ, "ಜಂಬ್ಯಾ, ಬಜಾರಪ್ಪನ್ನ ಕರಕೊಂಡು ಬಾ" ಎಂದಳು.

ಉಪ್ಪಿನ ವ್ಯಾಪಾರಿ ಬಜಾರಪ್ಪ ಗುಡಿಸಲಿನ ಪಟವನ್ನು ದೀಪಕ್ಕೆ ಹಿಡಿದ. "ಇಂಥ ಗುಡಸಲಾ? ಚೀರಾಲ ದಾಟಿ ಸಮುದ್ರದ ದಡದಾಗ ನೋಡೀನಿ. ಗಾಳಿಗಂಜಿ ಹಂಗ ನೆಲಕ್ಕ ಅಪ್ಪಿಸಿ ಕಟ್ತಾರ. ಜಂಬಯ್ಯ, ಗುಂಟೂರು ತನಕ ಹೋಗಿದ್ದಿಯಲ್ಲಪ್ಪ, ಮಗ್ಗಲಾಗ ಸಮುದ್ರ ಇದ್ದಿದ್ದು ಗೊತ್ತಾಗಲಿಲ್ಲೇನು?"

"ನಾ ಹತ್ತಿ ಹುಡುಕಾಕ ಹೋಗಿದ್ದೆ ಮಾವ, ನೀರಲ್ಲ."

ಈ ಸಲ ಅಂಬಮ್ಮನೂ ಹೊರಟಳು. ರೈಲು ಬದಲಿಸಿ, ಬಂಡಿ ಹಿಡಿದು, ಊರೂರು ಪಟ ತೋರಿಸುತ್ತ ಹೋಗಿ ಒಂದು ಇಳಿಹೊತ್ತಿನಲ್ಲಿ ಬಂಡಿ ಇಳಿದಾಗ, ಎದುರಿಗೆ ಪಟವೇ ಬಿಚ್ಚಿಕೊಂಡಿತು. ಅದೇ ವಾಲಿದ ತಾಳೆ. ಅದೇ ರಾಶಿಗಳು, ಪಕ್ಕದಲ್ಲೇ ಅವೇ ಗುಂಡಗಿನ ಗುಡಿಸಲುಗಳು. ಆದೋನಿಯಲ್ಲಿ ಎತ್ತ ನೋಡಿದರೂ ಕಣ್ಣಿಗೆ ಬಂಡೆಗುಡ್ಡ ಅಡ್ಡ ಬರುತ್ತದೆ. ಇಲ್ಲಿ ಅಡ್ಡ ಬರಲು ಏನೂ ಇರಲಿಲ್ಲ. ಪಟದಲ್ಲಿ ಮಂಜೆಂದುಕೊಂಡ ಬೆಳ್ಳನೆಯ ಗೆರೆ ನೀರಾಗಿ ಉಸಿರಾಡುತ್ತಿತ್ತು.

ಗಂಡನ ಹೆಸರು ಹೇಳಬಾರದಲ್ಲ, ಅಂಬಮ್ಮ ಪಟವನ್ನೇ ಮುಂದೆ ಹಿಡಿದಳು. ಬುಟ್ಟಿ ಇಳಿಸಿ ಬಂದ ವೆಂಕಮ್ಮ ಎಂಬ ಉಪ್ಪಿನ ಕೂಲಿಯಾಕೆ ಕಿರುಚಿದಳು: "ಇದಿ ನೇನೇ!" ಪಟದಲ್ಲಿ ಕುತ್ತಿಗೆ ಹೂತವಳು ಅವಳೇ. ಎಲ್ಲರನ್ನೂ ಕರೆದು ತೋರಿಸಿದಳು, ನಕ್ಕಳು, ಕಣ್ಣೊರೆಸಿಕೊಂಡಳು. ಆಮೇಲೆ ತೆಲುಗಿನಲ್ಲೇ ಹೇಳಿದಳು: ಕ್ಯಾಮೆರಾದಾತ ಹೋಗಿ ಬಹಳ ದಿನವಾಯಿತು, ದಡ ಹಿಡಿದು ತೆಂಕಣಕ್ಕೆ ನಡೆದ. "ಮಳ್ಳೀ ವಸ್ತಾನನ್ನಾಡಮ್ಮಾ. ನಾ ಪಟಂ ತೆಸ್ತಾನನ್ನಾಡು." ಮತ್ತೆ ಬರುತ್ತೇನೆ, ನಿನ್ನ ಪಟ ತರುತ್ತೇನೆ ಎಂದಿದ್ದನಂತೆ.

ಅಂಬಮ್ಮ ಆ ಪಟವನ್ನು ವೆಂಕಮ್ಮನ ಕೈಗಿಟ್ಟಳು. ಹಿಂದೆ ಸರಿದು, ಸೂರ್ಯನಿಗೆ ಬೆನ್ನು ಕೊಟ್ಟು, ತಾಳೆಯ ಗುರುತು ಹಿಡಿದು ನಿಂತಳು. ಅವನ ನೆರಳು ಬಿದ್ದಿದ್ದ ಜಾಗದಲ್ಲಿ ಅವಳ ನೆರಳು ಬಿತ್ತು.

"ಅತ್ತಿಗಿ, ಹೊತ್ತು ಮುಳುಗ್ತೈತಿ. ನಡಿ."

"ನೀ ಹೋಗು ಜಂಬಯ್ಯ, ಪ್ಯಾಟಿ ನಡದೈತಿ. ಆಕಿಗೆ ಮಾತು ಕೊಟ್ಟಾರ ಅವರು, ಬರ್ತಾರ. ನಾ ಈ ಗುಡಸಲಾಗ ಇರ್ತೀನಿ."

ಜಂಬಯ್ಯ ಒಬ್ಬನೇ ಆದೋನಿಗೆ ಬಂದದ್ದು ಊರಿಗೇ ಗೊತ್ತು. ಅತ್ತೆಗೆಂದು ಅಂಬಮ್ಮ ಕಟ್ಟಿಕೊಟ್ಟ ಉಪ್ಪಿನ ಗಂಟು ಅವನ ಕೈಯಲ್ಲಿತ್ತು. ರೇವಣಸಿದ್ದಯ್ಯ ಆ ದಡಕ್ಕೆ ಮರಳಿ ಬಂದನೇ, ಬರಲಿಲ್ಲವೇ, ಅವಳು ಎಷ್ಟು ಕಾಲ ಕಾದಳು ಎಂಬುದು ತಿಳಿಯದು.