ರೈಲುಹಳಿಯ ಆಚೆಯ ನಿಂಬೆಮರ

ಶನಿವಾರ ಬೆಳಗ್ಗೆ ಹರಾಜಿಗೆ ಹೊರಡುವಾಗಲೂ ವೂಲಾಳ ಅನುಮಾನ ಹೋಗಿರಲಿಲ್ಲ. ಮನೆ ಮಾರುತ್ತಿದ್ದ ಫಿಲಿಪಾಳಿಗೆ ಇಬ್ಬರು ಸಣ್ಣ ಮಕ್ಕಳು; ಗಂಡ ಹೇಝಲ್‌ಡೀನ್ ಪ್ರೌಢಶಾಲೆಯ ಆಡಳಿತ ಮಂಡಳಿಯಲ್ಲಿದ್ದಾನೆ. ನಕ್ಷೆಯಲ್ಲಿ ಎಳೆದ ಗೆರೆಯೊಳಗೆ ಮನೆಯಿದ್ದವರ ಮಕ್ಕಳಿಗಷ್ಟೇ ಆ ಶಾಲೆಯಲ್ಲಿ ಸೀಟು. ಆ ಗೆರೆಯೊಳಗೆ ಒಂದು ಮನೆ ಸಿಗಲೆಂದು ಮೆಲ್ಬರ್ನಿನ ಅರ್ಧ ಜನ ಬಾಯಿಬಾಯಿ ಬಿಡುತ್ತಿರುವಾಗ, ಮಕ್ಕಳು ಸೇರುವ ಮೊದಲೇ ಯಾರಾದರೂ ಅಲ್ಲಿಂದ ಎದ್ದು ಹೋಗುತ್ತಾರೆಯೇ?

"ಏನೋ ಹುಳುಕಿದೆ ಕಣೋ ಸ್ಟಾತಿ," ಎಂದಳು.

"ನಿಂಗೆ ಹಬ್ಬದೂಟದಲ್ಲೂ ಕಲ್ಲು ಹುಡುಕೋ ಚಾಳಿ," ಎಂದ ಗಂಡ. "ಛಾವಣಿಯಿಂದ ತಳಪಾಯದವರೆಗೂ ಪರೀಕ್ಷೆ ಮಾಡಿಸಿದ್ದಾಯ್ತು. ಗೆದ್ದಲಿಲ್ಲ, ಬಿರುಕಿಲ್ಲ. ಇನ್ನೇನು ಬೇಕು ಮಾರಾಯ್ತಿ?"

ವೂಲಾ, ಸ್ಟಾತಿಯರ ಮನೆ ಇದ್ದದ್ದು ರೈಲುಹಳಿಯ ಆಚೆ, ಗೆರೆಯ ಹೊರಗೆ. ಅದೇ ಇಟ್ಟಿಗೆ, ಅದೇ ಅಳತೆಯ ಹಿತ್ತಲು. ಆದರೂ ಹಳಿ ದಾಟಿದರೆ ಸಾಕು, ಬೆಲೆ ನೆಲ ಕಚ್ಚುತ್ತಿತ್ತು. ಆಚೆಯ ಶಾಲೆಯಲ್ಲಿ ವೂಲಾಳೇ ಓದಿದ್ದಳು, ಓದಿದ್ದೆ ಎನ್ನಲು ಅವಳಿಗೇ ನಾಚಿಕೆ. ಮುಂದಿನ ವರ್ಷ ಪ್ರೌಢಶಾಲೆಗೆ ಸೇರುವ ಮಗಳು ಎಲ್ಪಿದಾಳಿಗೆ ಆ ಗತಿ ಬೇಡವೆಂದು, ಅಪ್ಪ ಕಟ್ಟಿದ ಮನೆಯನ್ನು ಹೋದ ತಿಂಗಳು ಸಿಕ್ಕಷ್ಟಕ್ಕೆ ಮಾರಿದ್ದಳು. ಕೊಂಡವರ ಮುಖವನ್ನೂ ಕಂಡಿರಲಿಲ್ಲ. ದಲ್ಲಾಳಿಯೊಬ್ಬ ಯಾರದೋ ಪರವಾಗಿ ಸಹಿ ಹಾಕಿ ಹೋಗಿದ್ದ. ಮನೆ ಬಿಟ್ಟುಕೊಡಲು ಇನ್ನೂ ಕೆಲವು ವಾರಗಳಿದ್ದವು.

ಹರಾಜು ಮೆಲ್ಬರ್ನಿನ ರೂಢಿಯಂತೆ ಮನೆಯ ಮುಂದಿನ ರಸ್ತೆಯಲ್ಲೇ ನಡೆಯಿತು. ಅಕ್ಕಪಕ್ಕದವರು ಕಾಫಿ ಹಿಡಿದು ಬಂದಿದ್ದರು. ಬೇರೆ ಹರಾಜಿನಲ್ಲಾದರೆ ಗುಸುಗುಸು, ನಗು ಇರುತ್ತದೆ. ಇಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಎದುರುಮನೆಯ ಮುದುಕಿ ಬಂದು ವೂಲಾಳ ತೋಳು ಮುಟ್ಟಿದಳು.

"ಮಗು ಇದೆಯೇನಮ್ಮ ನಿಂಗೆ?"

"ಮಗಳು. ಅವಳ ಸ್ಕೂಲಿಗೋಸ್ಕರಾನೇ ಇಷ್ಟೆಲ್ಲ ಒದ್ದಾಟ."

ಮುದುಕಿ ಫಿಲಿಪಾಳ ಬಾಗಿಲ ಕಡೆ ನೋಡಿದಳು. ಮುಟ್ಟಿದ ತೋಳು ಬಿಟ್ಟು, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವೂಲಾಳಿಗೆ ಹೆದರಿಕೆಯಾಯಿತು. ಆದರೆ ಅಷ್ಟರಲ್ಲಿ ಸ್ಟಾತಿ ಕೈ ಎತ್ತಿಯಾಗಿತ್ತು. ಎದುರಾಳಿ ಒಬ್ಬನೇ, ಅವನೂ ಫೋನಿನಲ್ಲಿ ಯಾರದೋ ಮಾತು ಕೇಳಿ ಫಕ್ಕನೆ ಹಿಂದೆ ಸರಿದ. ಸುತ್ತಿಗೆ ಬಿತ್ತು, ಮನೆ ಇವರದಾಯಿತು. ದೃಷ್ಟಿ ತಾಗದಿರಲೆಂದು ವೂಲಾ ಎದೆಯ ಮೇಲೆ ಮೂರು ಸಲ ತೂ ತೂ ಎಂದಳು.

ಅಡುಗೆಮನೆಯ ಮೇಜಿನ ಮೇಲೆ ಸಹಿಗಳಾದವು. ಹರಾಜಿನಲ್ಲಿ ಕೊಂಡ ಮನೆ ಬೇಡವೆನ್ನಲು ಕಾನೂನಿನಲ್ಲಿ ದಾರಿಯಿಲ್ಲ. ಅದು ಎಲ್ಲರಿಗೂ ಗೊತ್ತು. ಆಮೇಲೆ ವೂಲಾ ಕೈಚೀಲ ತೆರೆದಳು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂಬುದನ್ನು ಗ್ರೀಕ್ ತಾಯಂದಿರು ಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಬೆಳಗ್ಗೆ ಹಿತ್ತಲಿನಿಂದ ಕಿತ್ತ ಹಣ್ಣುಗಳ ಪೊಟ್ಟಣವನ್ನು ಅವಳು ಫಿಲಿಪಾಳ ಕೈಗಿಟ್ಟಳು.

"ನಮ್ಮಪ್ಪ ಕಸಿ ಕಟ್ಟಿದ್ದು. ಒಂದೇ ಮರದಲ್ಲಿ ನಿಂಬೆ, ಕಿತ್ತಳೆ ಎರಡೂ ಬಿಡತ್ತೆ."

ಫಿಲಿಪಾಳ ಮುಖ ಬಿಳಿಚಿಕೊಂಡಿತು. ಅವಳ ಮಗಳು ಇಮೋಜೆನ್ ಮಾತ್ರ ಕುಣಿದಾಡಿದಳು.

"ಅಮ್ಮಾ, ನಮ್ಮ ಹೊಸ ಮನೆ ಮರ! ಫೋಟೋದಲ್ಲಿ ತೋರಿಸಿದ್ಯಲ್ಲ, ಹಸಿರು ಗೇಟಿನ ಮನೆ, ಅದೇ!"

"ಒಳಗೆ ಹೋಗು ಇಮೋಜೆನ್," ಎಂದಳು ಫಿಲಿಪಾ.

ಹಸಿರು ಗೇಟು. ಹೋದ ತಿಂಗಳು ಮಾರಿದ ಮನೆಯ ಆ ಗೇಟಿಗೆ ಬಣ್ಣ ಬಳಿದವಳು ವೂಲಾಳೇ. ಅವಳು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. "ಹಳಿ ಆಚೆ ಯಾಕೆ ಹೋಗ್ತೀರಾ ಪುಟ್ಟಾ?"

"ಸ್ಕೂಲಿಗೆ! ಮುಂದಿನ ವರ್ಷ ಗೆರೆ ಹಳಿ ದಾಟತ್ತಂತೆ. ಇಲ್ಲಿರೋರಿಗೆ ಸೀಟ್ ಸಿಗಲ್ವಂತೆ, ಅಪ್ಪ ಹೇಳಿದ್ರು."

ಸ್ಟಾತಿಯ ಕೈಯಲ್ಲಿ ಪೆನ್ನು ಇನ್ನೂ ಹಾಗೇ ಇತ್ತು. ಸುದ್ದಿ ಹೊರಬಿದ್ದರೆ ಬೀದಿಯ ಎಲ್ಲ ಮನೆಗಳ ಬೆಲೆಯೂ ಬೀಳುತ್ತಿತ್ತು; ಅಕ್ಕಪಕ್ಕದವರು ತುಟಿ ಬಿಚ್ಚದಿದ್ದದ್ದು ಅದಕ್ಕೇ. ಹೊರಗೆ ಫಲಕದ ಮೇಲೆ ಹರಾಜಿನ ದಲ್ಲಾಳಿ 'ಮಾರಾಟವಾಗಿದೆ' ಎಂಬ ಚೀಟಿಯನ್ನು ಅಂಗೈಯಿಂದ ಒತ್ತಿ ಅಂಟಿಸುತ್ತಿದ್ದ ಸದ್ದು ಕೇಳಿಸಿತು.

"ನನ್ನ ಮಗಳ ಕೋಣೇಲಿ ನಿನ್ನ ಮಗಳು ಮಲಗ್ತಾಳೆ," ಎಂದಳು ವೂಲಾ. "ಅದು ಗೊತ್ತಿದ್ದೂ ನೀನು ಬೆಳಗಿಂದ ನನ್ನ ನೋಡಿ ನಗ್ತಾ ಇದ್ದೆ, ಅಲ್ವಾ?"

ಫಿಲಿಪಾ ತಲೆ ತಗ್ಗಿಸಿದಳು. ವೂಲಾ ಎದ್ದು ಅವಳ ಕೈಯಿಂದ ಹಣ್ಣಿನ ಪೊಟ್ಟಣ ಕಿತ್ತುಕೊಂಡಳು. ಕೊಟ್ಟದ್ದನ್ನು ವಾಪಸು ತೆಗೆದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಬಾಗಿಲಾಚೆ ಕಾರಿನಲ್ಲಿ ಎಲ್ಪಿದಾ ಕಾಯುತ್ತಿದ್ದಳು. ಅಮ್ಮನನ್ನು ಕಂಡೊಡನೆ ಎರಡೂ ಹೆಬ್ಬೆರಳು ಎತ್ತಿ, ಸಿಕ್ಕಿತಾ ಎಂದು ಕಣ್ಣಲ್ಲೇ ಕೇಳಿದಳು.