ಓಟು ಹಾಕದವರು

ಹುಣಸೆಹಣ್ಣಾಯಿತು, ನಿಂಬೆಹೋಳಾಯಿತು, ಕೊನೆಗೆ ಪಾತ್ರೆ ತಿಕ್ಕುವ ಬೂದಿಯೂ ಆಯಿತು. ಶಾಯಿ ಮಾತ್ರ ಹೋಗಲಿಲ್ಲ. ಹೆಂಡತಿಯ ಅಣ್ಣ ಗೋಪೀನಾಥನ ಮನೆಯ ಹಿತ್ತಲಿನಲ್ಲಿ, ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸೇತುರಾಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು, ಎಡಗೈಯ ತೋರುಬೆರಳು, ಎಲ್ಲ ಕಪ್ಪಾಗಿದ್ದವು. ಹಬ್ಬದ ದಿನ ಈ ಕೈಯಲ್ಲಿ ಊಟಕ್ಕೆ ಕೂರಬೇಕಲ್ಲ ಎಂದು ಅವನಿಗೆ ಹೇಸಿಗೆಯಾಯಿತು.

ಮೊನ್ನೆ ಚುನಾವಣೆಯ ದಿನ ಕೆಂಗೇರಿಯಾಚೆಯ ಒಂದು ಹಳ್ಳಿಯ ಸ್ಕೂಲಿನಲ್ಲಿ ಅವನಿಗೆ ಡ್ಯೂಟಿ ಬಿದ್ದಿತ್ತು. ಬಂದವರ ಬೆರಳು ಹಿಡಿದು ಉಗುರಿನ ಬುಡಕ್ಕೆ ಗೆರೆ ಎಳೆಯುವ ಕೆಲಸ. ಸೀಸೆಯ ಬಿರಡೆ ಸರಿಯಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಏಳುನೂರು ಚಿಲ್ಲರೆ ಬೆರಳುಗಳಿಗೆ ಹಚ್ಚುವಷ್ಟರಲ್ಲಿ ಅರ್ಧ ಶಾಯಿ ಅವನ ಕೈಗೇ ಇಳಿದಿತ್ತು. ಇಷ್ಟೆಲ್ಲ ಬಳಿದುಕೊಂಡವನು ತಾನು ಮಾತ್ರ ಓಟು ಹಾಕಿರಲಿಲ್ಲ. ಡ್ಯೂಟಿಯವರು ಅಂಚೆಯಲ್ಲಿ ಓಟು ಕಳಿಸಬಹುದು. ಅದಕ್ಕೆ ಮೊದಲೇ ಒಂದು ಫಾರಂ ತುಂಬಿ ಕೊಡಬೇಕು. ಫಾರಂ ಮೇಜಿನ ಡ್ರಾಯರಿನಲ್ಲಿ ಕೂತು ಕೂತು ತಾರೀಖು ದಾಟಿಹೋಯಿತು. ಹದಿನಾಲ್ಕು ವರ್ಷದ ಮೇಷ್ಟ್ರ ನೌಕರಿಯಲ್ಲಿ ಪ್ರತಿ ಚುನಾವಣೆಯಲ್ಲೂ ಹೀಗೇ ಆಗಿತ್ತು. ಓಟು ಹಾಕಿಸುವವನೇ ಓಟು ಹಾಕಿಲ್ಲ ಎಂಬ ಅನುಮಾನ ಯಾರಿಗೂ ಬರುವುದಿಲ್ಲವಾದ್ದರಿಂದ ಅವನನ್ನು ಯಾರೂ ಕೇಳಿರಲಿಲ್ಲ.

ಆ ವರ್ಷ, ಎಪ್ಪತ್ತೇಳರಲ್ಲಿ, ಯುಗಾದಿ ಚುನಾವಣೆಯ ಬೆನ್ನಿಗೇ ಬಂದಿತ್ತು. ಎಣಿಕೆ ಇನ್ನೂ ಶುರುವಾಗಿರಲಿಲ್ಲ. ವಿಜಯನಗರದ ತಮ್ಮ ಬಾಡಿಗೆ ಮನೆಯಿಂದ ರಾಜಾಜಿನಗರಕ್ಕೆ ಬೆಳಗ್ಗೆ ನಡೆದು ಬರುವಾಗ ಹೆಂಡತಿ ಅಂಬುಜಾ ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ಆರು ವರ್ಷದ ಮಗಳು ಹೊಸ ಲಂಗದ ಜರಿ ನೋಡಿಕೊಳ್ಳುತ್ತ ಮುಂದೆ ಓಡಿದಾಗ ಮಾತ್ರ ಬಾಯಿ ಬಿಟ್ಟಳು.

"ಇವತ್ತು ಅಮ್ಮನಿಗೆ ಹೇಳ್ತೀರೋ ಇಲ್ವೋ? ಬುಧವಾರ ನಾನು ಆ ಟೇಬಲ್ ಮೇಲೆ ಮಲಗಬೇಕು."

"ಹಬ್ಬ ಒಂದು ಮುಗೀಲಿ," ಎಂದಿದ್ದ ಸೇತುರಾಮ.

ಹೇಳಬೇಕಾಗಿದ್ದದ್ದು ಇಷ್ಟು. ಹಿಂದಿನ ವರ್ಷ ಶ್ರಾವಣದಲ್ಲಿ, ಎಮರ್ಜೆನ್ಸಿ ಬಿಗಿಯಾಗಿದ್ದ ಕಾಲದಲ್ಲಿ, ಮೇಷ್ಟ್ರುಗಳೆಲ್ಲ ತಲೆಗೆ ಒಂದರಂತೆ ಸಂತಾನಹರಣದ ಕೇಸು ತರಬೇಕು, ತರದವರ ಸಂಬಳ ನಿಲ್ಲುತ್ತದೆ, ಎಲ್ಲಿಗೋ ವರ್ಗವಾಗುತ್ತದೆ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದದಲ್ಲಿ ಏನೂ ಇರಲಿಲ್ಲ. ಜೊತೆಯ ಮೇಷ್ಟ್ರುಗಳು ಬಿನ್ನಿಪೇಟೆಯ ಸಾಲುಮನೆಗಳಲ್ಲಿ ಸುತ್ತಿ, ಮುದುಕರನ್ನೂ ಮದುವೆಯಾಗದವರನ್ನೂ ಪುಸಲಾಯಿಸಿ ಕರೆತಂದರು. ಸೇತುರಾಮನಿಗೆ ತನ್ನ ಪಾಠ ಕೇಳುವ ಹುಡುಗಿಯರ ಅಪ್ಪಂದಿರ ಮುಂದೆ ನಿಂತು ಆ ಮಾತೆತ್ತಲು ನಾಲಿಗೆ ಬರಲಿಲ್ಲ. ತಿಂಗಳ ಕೊನೆಯ ಭಾನುವಾರ ಕ್ಯಾಂಪಿಗೆ ಹೋಗಿ ತಾನೇ ಆಪರೇಷನ್ನಿಗೆ ಮಲಗಿಬಿಟ್ಟ. ಇನ್ನೊಂದು ಮಗು ಬೇಕೆಂದು ಅಂಬುಜಾ ಆಸೆಪಟ್ಟಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಲಗಿದ. ಆಮೇಲೆ ನಾಚಿಕೆಯಾಗಿ, ಇದನ್ನು ತೌರಿನಲ್ಲಿ ಹೇಳಬೇಡ ಎಂದು ಅವಳಿಂದ ಭಾಷೆ ತೆಗೆದುಕೊಂಡ.

ಅಂಬುಜಾ ಹೇಳಲಿಲ್ಲ. ಅವಳ ತಾಯಿ ಕಲ್ಯಾಣಮ್ಮನವರು, ಒಂದಕ್ಕೇ ನಿಂತುಹೋಯಿತಲ್ಲ ಎಂದು ಮಗಳ ಹೊಟ್ಟೆಯನ್ನೇ ಅನುಮಾನದಿಂದ ನೋಡತೊಡಗಿದರು. ಅಶೋಕದ ಚಕ್ಕೆಯ ಕಷಾಯ ಕುಡಿಸಿದರು, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರು. ಅಂಬುಜಾ ಕುಡಿಯೆಂದದ್ದನ್ನು ಕುಡಿದಳು, ಪ್ರದಕ್ಷಿಣೆ ಹಾಕೆಂದರೆ ಹಾಕಿದಳು. ಈಗ ಒಬ್ಬ ಲೇಡಿ ಡಾಕ್ಟರನ್ನು ಗೊತ್ತುಮಾಡಿ, ಬುಧವಾರ ಗರ್ಭಕೋಶ ಶುಚಿ ಮಾಡಿಸುವುದೆಂದು ಕಲ್ಯಾಣಮ್ಮನವರೇ ದಿನ ಹಿಡಿದಿದ್ದರು. ಯಾವ ದೋಷವೂ ಇಲ್ಲದ ಹೆಂಗಸು ಗಂಡನ ಮಾನ ಉಳಿಸಲು ಕತ್ತರಿಗೆ ಮೈಯೊಡ್ಡಬೇಕಾಗಿತ್ತು. ಅದು ಘೋರ ಎಂದು ಸೇತುರಾಮನಿಗೆ ಅನ್ನಿಸುತ್ತಿರಲಿಲ್ಲವೆಂದಲ್ಲ. ಆದರೆ ಆ ಏಳು ತಿಂಗಳಲ್ಲಿ ಅವನಿಗೆ ಎಲ್ಲದರಿಂದಲೂ ಸುಸ್ತಾಗಿತ್ತು. ನಾಳೆ ಹೇಳಿದರಾಯಿತು ಎನ್ನುವುದೊಂದೇ ಅವನಿಗೆ ಸುಲಭವಾಗಿ ಬರುತ್ತಿತ್ತು.

ಹಜಾರದಲ್ಲಿ ಗಂಡಸರಿಗೆ ಮೂರು ಎಲೆ ಹಾಕಿದ್ದರು. ನಡುವೆ ಗೋಪೀನಾಥ, ಅತ್ತ ಸೇತುರಾಮ, ಇತ್ತ ಪಕ್ಕದ ಮನೆಯ ಕೃಷ್ಣಯ್ಯನವರು. ಗೋಪೀನಾಥ ಸರ್ಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಆಳುವ ಪಕ್ಷ ಏನು ಮಾಡಿದರೂ ಅದರಲ್ಲಿ ಒಂದು ಶಿಸ್ತು ಕಾಣುತ್ತಿತ್ತು ಅವನಿಗೆ. ರೈಲ್ವೆಯಿಂದ ನಿವೃತ್ತರಾದ ಕೃಷ್ಣಯ್ಯನವರಿಗೆ ಅದೇ ಪಕ್ಷ ಬಾವಿ ತೋಡಿಸಿದರೂ ಯಾರನ್ನೋ ನೂಕುವುದಕ್ಕೇ ಎಂಬ ನಂಬಿಕೆ. ಇಬ್ಬರೂ ರಜೆಯ ದಿನ ತಪ್ಪದೆ ಜಗಳವಾಡುವರು, ಜಗಳ ಮುಗಿದ ಮೇಲೆ ಒಟ್ಟಿಗೆ ನಶ್ಯ ಹಾಕುವರು. ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ: ಓಟು ಹಾಕದವನಿಗೆ ಸರ್ಕಾರವನ್ನು ಬೈಯುವ ಹಕ್ಕಿಲ್ಲ. ಕೂರುವ ಮೊದಲೇ ಇಬ್ಬರೂ ತಮ್ಮ ತಮ್ಮ ಬೆರಳಿನ ಗುರುತು ತೋರಿಸಿಕೊಂಡಿದ್ದರು. ಸೇತುರಾಮನ ಕೈ ನೋಡಿ ಕೃಷ್ಣಯ್ಯನವರು, ಮೇಷ್ಟ್ರು ಇಡೀ ಹಳ್ಳಿಯ ಓಟು ಒಬ್ಬರೇ ಹಾಕಿ ಬಂದಿದ್ದಾರೆ ಎಂದು ನಕ್ಕಿದ್ದರು. ಸೇತುರಾಮನೂ ನಕ್ಕಿದ್ದ.

ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ ಆಗಿ ಹೋಳಿಗೆ ಬರುವ ಹೊತ್ತಿಗೆ ಜಗಳ ಹದಕ್ಕೆ ಬಂದಿತ್ತು. ಕೃಷ್ಣಯ್ಯನವರು ಜೈಲಿಗೆ ಹಾಕಿದವರ ಲೆಕ್ಕ ಕೇಳಿದರು. ಗೋಪೀನಾಥ, ಜೈಲಿಗೆ ಹೋದವರು ಎಷ್ಟು ಜನ, ಸುಖವಾಗಿ ನಿದ್ದೆ ಮಾಡಿದವರು ಎಷ್ಟು ಜನ ಎಂದು ತಿರುಗಿ ಕೇಳಿದ. ಬಸ್ಸು ಹೊತ್ತಿಗೆ ಬರುತ್ತಿತ್ತು, ಆಫೀಸುಗಳು ಹತ್ತು ಗಂಟೆಗೆ ತೆರೆಯುತ್ತಿದ್ದವು, ಕೆಲಸಗಳ್ಳರು ಹೆದರಿಕೊಂಡಿದ್ದರು. ಯಾರಿಗೆ ಏನು ತೊಂದರೆಯಾಯಿತು, ನಮ್ಮ ಮನೆಯಲ್ಲೇ ತೆಗೆದುಕೊಳ್ಳಿ, ಯಾರಿಗಾದರೂ ಒಂದು ಕೂದಲು ಕೊಂಕಿತೇ ಎಂದ.

ಅಂಬುಜಾ ತುಪ್ಪದ ಮಿಳ್ಳೆ ಹಿಡಿದು ಅವನ ಎಲೆಯ ಮುಂದೆ ಬಗ್ಗಿದ್ದಳು.

"ಕೊಂಕಿತು ಅಣ್ಣ," ಎಂದಳು.

ಗೋಪೀನಾಥ ತಲೆ ಎತ್ತಿದ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಕೋಕಿಲಾ ಹೋಳಿಗೆಯ ತಟ್ಟೆ ಹಿಡಿದುಕೊಂಡು ನಿಂತಳು.

"ಏನೇ ಅದು?" ಎಂದು ಕೇಳಿದ ಅಣ್ಣ.

"ಆ ಸರ್ಕಾರ ನನಗೆ ಏನು ಮಾಡ್ತು ಅಂತ..."

"ತಡಿ ತಡಿ," ಎಂದು ಗೋಪೀನಾಥ ಎಡಗೈ ಎತ್ತಿದ. ತಮಾಷೆಯ ದನಿಯೇ. "ಮೊದಲು ನಿನ್ನ ಬೆರಳು ತೋರಿಸು."

ಅಂಬುಜಾ ಕೈ ಚಾಚಲಿಲ್ಲ. ಮಿಳ್ಳೆ ಹಿಡಿದ ಅವಳ ಎಡಗೈ ಬೆರಳು ಬೆಳ್ಳಗಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

"ನೋಡಿದ್ರಾ ಕೃಷ್ಣಯ್ಯನೋರೇ? ಮನೇಲಿ ಆರಾಮಾಗಿ ಕೂತ್ಕೊಳ್ಳೋದು, ಆಮೇಲೆ ಸರ್ಕಾರ ಹಾಗೆ ಮಾಡ್ತು ಹೀಗೆ ಮಾಡ್ತು ಅನ್ನೋದು. ಓಟು ಹಾಕದೋರು ಮಾತಾಡಬಾರದು ಕಣೇ. ಮೇಷ್ಟ್ರು ಹೇಳಲಿ, ಕೇಳೋಣ. ಅವರ ಕೈಗೆ ಅಧಿಕಾರ ಇದೆ."

ಕೃಷ್ಣಯ್ಯನವರು ಸರ್ಕಾರದ ವಿರುದ್ಧ ಯಾರು ಬಾಯಿ ತೆಗೆದರೂ ಸಂತೋಷಪಡುವವರು. ಅವರೂ ಇದರಲ್ಲಿ ಮಾತ್ರ ಗೋಪೀನಾಥನ ಕಡೆಗೇ ನಿಂತರು. ಅದು ಸರಿಯಮ್ಮ, ಹಾಕಬೇಕಾಗಿತ್ತು ನೀನು ಎಂದು ಮೆಲ್ಲಗೆ ಹೇಳಿದರು. ಅಂಬುಜಾಳ ಮುಖ ಕೆಂಪಾಯಿತು. ಒಳಗಿನಿಂದ ಕಲ್ಯಾಣಮ್ಮನವರು, ಹಬ್ಬದ ದಿನ ವಾದ ಬೇಡ, ಬಡಿಸಿ ಬಾ, ನೀನೂ ಹೊಟ್ಟೆ ತುಂಬ ಉಣ್ಣು, ಬುಧವಾರ ಬೆಳಗ್ಗೆಯಿಂದ ನೀರೂ ಕುಡಿಯುವ ಹಾಗಿಲ್ಲವಂತೆ ಎಂದು ಕೂಗಿ ಹೇಳಿದರು.

ಸೇತುರಾಮ ಎಲೆಯನ್ನೇ ನೋಡುತ್ತಿದ್ದ. ಎದ್ದು ಹೋಗಲು ಸಾಧ್ಯವಿದ್ದರೆ ಹೋಗಿಬಿಡುತ್ತಿದ್ದನೋ ಏನೋ. ಪಂಕ್ತಿಯಲ್ಲಿ ಕೂತವನು ಎಲ್ಲರ ಮಜ್ಜಿಗೆ ಅನ್ನ ಆಗದೆ ಏಳುವಂತಿರಲಿಲ್ಲ. ಅಂಬುಜಾ ಬಗ್ಗಿ ಅವನ ಹೋಳಿಗೆಗೆ ತುಪ್ಪ ಹಾಕಿದಳು. ಅವನ ಕಡೆ ನೋಡಲಿಲ್ಲ. ಇವಳು ನಿಜವಾಗಿಯೂ ಬುಧವಾರ ಹೋಗಿ ಮಲಗುತ್ತಾಳೆ ಎಂದು ಅವನಿಗೆ ಆಗ ಖಾತ್ರಿಯಾಯಿತು. ಹೆದರಿಕೆಯೂ ಆಯಿತು.

"ನಾನೂ ಓಟು ಹಾಕಿಲ್ಲ ಭಾವ," ಎಂದ.

ಗೋಪೀನಾಥ ನಕ್ಕ. ಸೇತುರಾಮ ಬೇರೆಯವರ ಬೆರಳಿಗೆ ಹಚ್ಚುವಾಗ ಅಂಟಿದ ಶಾಯಿಯ ವಿಷಯ ಹೇಳಿದ, ಡ್ರಾಯರಿನಲ್ಲಿ ಉಳಿದ ಫಾರಂ ವಿಷಯ ಹೇಳಿದ. ಹೇಳುತ್ತ ಹೇಳುತ್ತ ನಿಲ್ಲಿಸಲಾಗಲಿಲ್ಲ.

"ಅತ್ತೆ, ಬುಧವಾರ ಅಂಬುಜಾ ಆಸ್ಪತ್ರೆಗೆ ಹೋಗೋದು ಬೇಡ. ಅವಳಲ್ಲಿ ಏನೂ ದೋಷ ಇಲ್ಲ. ಹೋದ ಶ್ರಾವಣದಲ್ಲಿ ನಾನೇ ಆಪರೇಷನ್ ಮಾಡಿಸ್ಕೊಂಡೆ. ಕೇಸು ತರದೆ ಇದ್ರೆ ಸಂಬಳ ನಿಲ್ಲಿಸ್ತೀವಿ ಅಂದಿದ್ರು. ಯಾರಿಗೂ ಹೇಳಬೇಡ ಅಂತ ಇವಳಿಗೆ ಹೇಳಿದ್ದೂ ನಾನೇ."

ಕಲ್ಯಾಣಮ್ಮನವರು ಅಡುಗೆಮನೆಯ ಬಾಗಿಲಿಗೆ ಬಂದರು. ಕೃಷ್ಣಯ್ಯನವರು ಹೊರಗಿನವರಾದ ತಾವು ಇದನ್ನು ಕೇಳಬಾರದಾಗಿತ್ತೆಂಬಂತೆ ಗೋಡೆಯ ಕ್ಯಾಲೆಂಡರು ನೋಡಿದರು. ಗೋಪೀನಾಥ ಹೋಳಿಗೆಯನ್ನು ಚಿಕ್ಕ ಚಿಕ್ಕ ಚೂರು ಮಾಡಿದ. ಸೇತುರಾಮನಿಗೆ ದೊಡ್ಡ ಹೊರೆ ಇಳಿಸಿದಂತಾಗಿತ್ತು. ಕೊನೆಗೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಹೆಂಡತಿಯ ಮುಖ ನೋಡಿದ. ಅಂಬುಜಾ ಮಿಳ್ಳೆಯನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತಿದ್ದಳು. ಅವಳ ಕಣ್ಣಲ್ಲಿ ಅವನು ನಿರೀಕ್ಷಿಸಿದ್ದು ಇರಲಿಲ್ಲ.

"ನಾನು ಹೇಳ್ತಿದ್ದೆ," ಎಂದಳು. "ಅಣ್ಣ ಬೆರಳು ಕೇಳಿ ಬಾಯಿ ಮುಚ್ಚಿಸ್ದ. ನೀವು ನನ್ನ ಮಾತು ತಗೊಂಡು ನೀವೇ ಹೇಳಿ ಮುಗಿಸಿಬಿಟ್ರಿ. ಏಳು ತಿಂಗಳು ಬಾಯಿ ಮುಚ್ಕೊಂಡಿದ್ದೋಳು ನಾನು."

"ಅಂಬು..."

"ನಾನು ಇನ್ನೂ ಹೇಳಿಲ್ಲ."

ಆಮೇಲೆ ಅವಳು ಹೇಳಿದಳು. ದನಿ ಎತ್ತಲಿಲ್ಲ, ಅಳಲೂ ಇಲ್ಲ. ಓಟಿನ ದಿನ ಬೆಳಗ್ಗೆ ಎಂಟಕ್ಕೇ ಸ್ನಾನ ಮಾಡಿ, ಮಗಳನ್ನು ಪಕ್ಕದ ಮನೆಯ ಚಿಕ್ಕಗಂಗಮ್ಮನ ಹತ್ತಿರ ಬಿಟ್ಟು, ಚೀಟಿ ಹಿಡಿದು ಹೋಗಿದ್ದಳಂತೆ. ಯಾರಿಗೆ ಹಾಕಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದಳು. ಅವರ ಬೀದಿಯವರ ಓಟು ಇದ್ದದ್ದು ಪ್ರೈಮರಿ ಸ್ಕೂಲಿನಲ್ಲಿ. ಶ್ರಾವಣದಲ್ಲಿ ಆಪರೇಷನ್ನಿನ ಕ್ಯಾಂಪು ನಡೆದದ್ದೂ ಅದೇ ಸ್ಕೂಲಿನಲ್ಲಿ. ಹೆಂಗಸರ ಸಾಲು ಅದೇ ಜಗಲಿಯ ಮೇಲೆ ನಿಂತಿತ್ತು. ಸೇತುರಾಮ ಒಳಗೆ ಹೋದ ಮೇಲೆ ಅವನ ಚಪ್ಪಲಿ, ಅಂಗಿ, ಕನ್ನಡಕ ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದ ಬೆಂಚಿನ ಮೇಲೆ ಈಗ ಏಜೆಂಟರು ಪಟ್ಟಿ ಹರಡಿಕೊಂಡು ಕೂತಿದ್ದರು. ಇವನು ಡ್ಯೂಟಿಯ ಮೇಲೆ ಕೆಂಗೇರಿಯಾಚೆ ಇದ್ದ ದಿನ ಇದೆಲ್ಲ ನಡೆದಿತ್ತು. ಮನೆಗೆ ಬಂದವನಿಗೆ ಅವಳ ಬೆರಳು ನೋಡಿ, ಇವಳಿಗೂ ಬೇಜಾರು, ಹೋಗಿಲ್ಲ ಎಂದಷ್ಟೇ ಅನ್ನಿಸಿತ್ತು.

"ಅವತ್ತು ಒಬ್ಬ ಬಂದು ಕಾಗದ ಹಿಡಿದ. ಹೆಂಡತಿ ಒಪ್ಪಿಗೆ ಬೇಕಂತೆ, ಇಲ್ಲಿ ಸಹಿ ಹಾಕಮ್ಮ ಅಂದ. ಒಪ್ಪಿಗೆ ಇದೆಯಾ ಅಂತ ಕೇಳಲಿಲ್ಲ. ಸರ್ಕಾರ ನನ್ನ ಒಪ್ಪಿಗೆ ತಗೊಂಡಿದ್ದು ಅದೊಂದೇ ಸಲ ಅಣ್ಣ. ಮೊನ್ನೆ ಒಳಗಿನಿಂದ ಇನ್ನೊಬ್ಬ ಕೂಗಿದ, ಇಲ್ಲಿ ಸಹಿ ಹಾಕಿ ಮುಂದೆ ಹೋಗಿ ಅಂತ. ಹಾಗೇ ಕೂಗಿದ. ನನಗೆ ಕಾಲು ಬರಲಿಲ್ಲ. ಸಾಲು ಬಿಟ್ಟು ಬಂದೆ. ಈಗ ಹೇಳು, ನಾನು ಯಾರನ್ನೂ ಬೈಯಬಾರದಾ?"

ಮೂವರು ಗಂಡಸರೂ ಎಲೆ ಬಿಟ್ಟು ಏಳಲಾರದೆ, ಕೈ ಒಣಗಿಸಿಕೊಂಡು ಕೂತಿದ್ದರು. ಕೋಕಿಲಾ ಅನ್ನ ಬಡಿಸಿದಳು, ಮಜ್ಜಿಗೆ ಹಾಕಿದಳು. ಯಾರೂ ಸಾಕೆನ್ನಲಿಲ್ಲ, ಬೇಕೆನ್ನಲಿಲ್ಲ.

ಗಂಡಸರು ಎದ್ದು ಹಿತ್ತಲಿಗೆ ಕೈ ತೊಳೆಯಲು ಹೋದರು. ಎಲ್ಲರಿಗಿಂತ ಕೊನೆಗೆ ತೊಳೆದು ಸೇತುರಾಮ ಹಿಂಬಾಗಿಲಿಗೆ ಬಂದಾಗ ಅಡುಗೆಮನೆಯಲ್ಲಿ ಅಂಬುಜಾ ಗೋಡೆಗೆ ಒರಗಿ ನಿಂತಿದ್ದಳು. ಕಲ್ಯಾಣಮ್ಮನವರು ಮಗಳ ಮುಂದೆ ನಿಂತಿದ್ದರು. ಅಳಿಯನನ್ನು ಬೈಯುತ್ತಾರೆ ಎಂದು ಅವನು ಕಾದ. ಬೈದರೆ ಒಳ್ಳೆಯದು ಅನ್ನಿಸಿತು.

"ಅವತ್ತು ಆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆ?" ಎಂದರು ಕಲ್ಯಾಣಮ್ಮನವರು.

"ಬೆಳಗ್ಗೆಯಿಂದ. ಮೂರು ಗಂಟೆವರೆಗೂ."

"ಏನಾದ್ರೂ ತಿಂದಿದ್ಯಾ?"

ಅಂಬುಜಾ ಇಲ್ಲವೆಂದು ತಲೆಯಾಡಿಸಿದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮುಖ ಆಗ ಕುಸಿಯಿತು. ಏಳು ತಿಂಗಳಲ್ಲಿ ಆ ಪ್ರಶ್ನೆಯನ್ನು ತಾನು ಒಂದು ಸಲವೂ ಕೇಳಿರಲಿಲ್ಲವೆಂದು ಬಾಗಿಲಲ್ಲಿ ನಿಂತ ಸೇತುರಾಮನಿಗೆ ಹೊಳೆಯಿತು. ಒಳಗೆ ಕಾಲಿಡಲು ಅವನಿಂದ ಆಗಲಿಲ್ಲ.

ಕಲ್ಯಾಣಮ್ಮನವರು ಒಲೆಯ ಪಕ್ಕದಲ್ಲೇ ನೆಲ ಒರೆಸಿ ಒಂದು ಎಲೆ ಹಾಕಿದರು. ಮಗಳ ಭುಜ ಹಿಡಿದು ಕೂರಿಸಿ, ತಾವೂ ಎದುರಿಗೆ ಕಷ್ಟಪಟ್ಟು ಕೂತು, ಬಿಸಿ ಅನ್ನಕ್ಕೆ ಸಾರು ಹಾಕಿ, ಆರಲೆಂದು ಸೆರಗಿನಿಂದ ಮೆಲ್ಲಗೆ ಗಾಳಿ ಹಾಕತೊಡಗಿದರು.